ಮೂರು ಬೆರಳು ಕೆಳಗೆ

ಹೊಸ ಮೇಜು ಮೂರು ಬೆರಳು ಗಿಡ್ಡವಾಗಿತ್ತು.

ಅದರ ಮುಂದೆ ಕೂತ ಕೂಡಲೇ ಅವಳ ಬೆನ್ನಿಗೆ ಗೊತ್ತಾಯಿತು. ಮಿಕ್ಕಿದ್ದೆಲ್ಲ ಹೇಳಿದ ಹಾಗೇ ಇತ್ತು. ಹೊಲಿಗೆ ಮೆಷಿನ್ ಹಲಗೆಯೊಳಗೆ ಇಳಿದು ಮೇಜಿನ ಮಟ್ಟಕ್ಕೆ ಸಮನಾಗಿ ಕೂತಿತ್ತು. ಎಡಕ್ಕೂ ಹಿಂದಕ್ಕೂ ದೊಡ್ಡ ಕೌದಿಯ ಭಾರ ಹೊರುವಷ್ಟು ಜಾಗವಿತ್ತು. ಎರಡು ಬದಿ ಗೋಡೆಗೆ ತಾಗಿದ್ದರಿಂದ ಬಟ್ಟೆ ಜಾರಿ ಸೂಜಿಯನ್ನು ಎಳೆಯುವ ಭಯವಿಲ್ಲ. ಆದರೆ ಕೈಯಿಟ್ಟರೆ ಭುಜ ಬಾಗುತ್ತಿತ್ತು. ಆ ಭುಜದ ನೋವಿಗೇ ಅಲ್ಲವೇ ಇಷ್ಟೆಲ್ಲ ಮಾಡಿಸಿದ್ದು!

"ಅಳತೆ ತಪ್ಪಿದೆ," ಎಂದಳು.

ಬಡಗಿ ಕಣ್ಣೆತ್ತಲಿಲ್ಲ. "ನನ್ನ ಅಳತೆ ತಪ್ಪಲ್ಲ, ಮೇಡಂ."

ಮೇಡಂ! ತಿಂಗಳ ಹಿಂದೆ ಬಾಗಿಲ ಚಿಲಕ ಸರಿಮಾಡಲು ಬಂದ ಇದೇ ಮನುಷ್ಯ ಚೌಕಟ್ಟಿಗೆ ಒರಗಿ, "ರೀ, ನೀವು ಹೊಲೀತೀರೋ, ಮೆಷಿನ್ ಜೊತೆ ಕುಸ್ತಿ ಆಡ್ತೀರೋ?" ಎಂದು ನಕ್ಕಿದ್ದ. ಅವನ ಹರಿದ ಸಾಮಾನಿನ ಚೀಲವನ್ನು ಅವಳು ಹೊಲಿದುಕೊಟ್ಟಳು. ಚೀಲ ತಗೊಳ್ಳಲು ಒಂದು ಸಲ ಬಂದ, ಹೊಲಿಗೆ ಗಟ್ಟಿಯಾಗಿದೆ ಎಂದು ಹೇಳಲು ಇನ್ನೊಂದು ಸಲ ಬಂದ. ಅಷ್ಟಕ್ಕೆ ಯಾರಾದರೂ ಬರುತ್ತಾರೆಯೇ? ಕಿವಿಯ ಹಿಂದೆ ಪೆನ್ಸಿಲ್, ಹುಬ್ಬಿನ ಮೇಲೆ ಮರದ ಪುಡಿ. ಆ ಪುಡಿ ಒರೆಸಲು ಅವಳ ಬೆರಳು ಎಷ್ಟು ಸಲ ತುಡಿದಿತ್ತೋ. ಅದು ಗೊತ್ತಾಗಿಯೂ ಗೊತ್ತಾಗದವನಂತೆ ಅವನು ತುಟಿಯಂಚಿನಲ್ಲಿ ನಗುತ್ತಿದ್ದ.

ಇವತ್ತು ಆ ನಗುವಿಲ್ಲ.

"ಎತ್ತರ ಹೆಚ್ಚು ಬೇಕಿದ್ರೆ ಅಂಗಡಿಯಿಂದ ಇನ್ನೊಬ್ರನ್ನ ಕಳಿಸ್ತೀನಿ. ಇನ್ಮೇಲೆ ಈ ಮನೆ ಕೆಲಸಕ್ಕೆ ಅವ್ರೇ ಬರ್ತಾರೆ."

ಮೇಜು ಹಾಳಾಗಿ ಹೋಗಲಿ, ಇವನು ಇನ್ನು ಬರುವುದಿಲ್ಲವೇ?

"ಯಾಕೆ? ನಾನೇನು ಮಾಡ್ದೆ?"

"ಏನೂ ಇಲ್ಲ. ನಿಮ್ಮ ಮೊಣಕೈಗೇ ಟೇಪ್ ಹಿಡಿದು ಅಳೆದಿದ್ದೀನಿ. ಗೋಡೆ ಮೇಲೆ ಗೆರೆನೂ ಇದೆ, ನೋಡ್ಕೊಳ್ಳಿ."

"ಯಾವಾಗ ಅಳೆದ್ರಿ?"

"ಹೋದ ಬುಧವಾರ, ಮಧ್ಯಾಹ್ನ."

"ಬುಧವಾರ ನಾನು ಮನೇಲೇ ಇರ್ಲಿಲ್ಲ! ಬಟ್ಟೆ ತರೋಕೆ ಹೋಗಿದ್ದೆ. ಕೀ ಕುಂಡದ ಕೆಳಗಿದೆ ಅಂತ ಮೆಸೇಜ್ ಹಾಕಿದ್ನಲ್ಲ? ನನ್ನ ಮೊಣಕೈ ಎತ್ತರ ಚೀಟಿಯಲ್ಲಿ ಬರೆದು ಮೆಷಿನ್ ಮೇಲಿಟ್ಟಿದ್ದೆ."

"ಕೀ ಬೇಕಾಗ್ಲಿಲ್ಲ, ಬಾಗಿಲು ತೆಗ್ದೇ ಇತ್ತು. ನೀವೇ ಎದುರಿಗೆ ಕೂತಿರೋವಾಗ ಚೀಟಿ ಯಾಕೆ ನೋಡ್ಲಿ?" ಅವನು ಟೇಪನ್ನು ಬೆರಳಿಗೆ ಸುತ್ತತೊಡಗಿದ. "ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ನಿ. ಮನೇಲೇ ಇರ್ಲಿಲ್ಲ ಅನ್ಬೇಡಿ."

"ಏನು ಇಷ್ಟ ಇಲ್ಲ?"

ಅವನು ಕಿಟಕಿಯ ಕಡೆ ತಿರುಗಿ ನಿಂತು ಹೇಳಿದ. "ತಲೆ ತುಂಬ ನೀಲಿ ಶಾಲು ಹೊದ್ದು, ಆ ಕಡೆ ಮುಖ ಮಾಡಿ ಕೂತಿದ್ರಿ. ಜ್ವರ ಏನೋ ಅನ್ಕೊಂಡೆ. ಅಳೀಲಾ ಅಂದೆ, ಮೊಣಕೈ ಮಡಚಿ ಕೊಟ್ರಿ. ಕೈ ತಣ್ಣಗೆ ಕೊರೀತಿತ್ತು. ಮುಖ ನೋಡ್ತಾ ಹೇಳೋ ಧೈರ್ಯ ನಂಗೆ ಯಾವತ್ತೂ ಇರ್ಲಿಲ್ಲ. ಅದಕ್ಕೆ ಬೆನ್ನಿಗೆ ಹೇಳ್ಬಿಟ್ಟೆ. ನೀವಂದ್ರೆ ಇಷ್ಟ, ಮದುವೆ ಆಗೋಣ್ವಾ ಅಂತ."

ಇಷ್ಟು ದಿನ ಕಾದಿದ್ದ ಮಾತು. ಅದನ್ನು ಕೇಳಿ ಅವಳ ಮೈಯಲ್ಲಿ ಚಳಿ ಎದ್ದಿತು.

"ನಾನೇನಂದೆ?"

"ಗುಬ್ಬೀನ ಕೇಳ್ಬೇಕು, ಅಂದ್ರಿ. ಅಷ್ಟೇ. ಯಾರೋ ಆ ಗುಬ್ಬಿ, ಪುಣ್ಯವಂತ. ನಾನು ಟೇಪ್ ಜೇಬಿಗೆ ಹಾಕ್ಕೊಂಡು ಹೊರಟ್ಬಿಟ್ಟೆ."

ಅವಳು ಕುರ್ಚಿಯ ಕೈ ಹಿಡಿದುಕೊಂಡಳು. ಆ ನೀಲಿ ಶಾಲು ಎರಡು ವರ್ಷದಿಂದ ಬೀರುವಿನಲ್ಲಿತ್ತು. ಅದು ಚಿಕ್ಕಮ್ಮನದು. ಅವಳನ್ನು ಸಾಕಿದವಳು, ಇದೇ ಮೆಷಿನ್ ಮೇಲೆ ಹೊಲಿಗೆ ಕಲಿಸಿದವಳು. "ನಿನ್ನ ಮದುವೆಗೆ ಕಣೇ" ಎನ್ನುತ್ತಾ ಶುರುಮಾಡಿದ ಕೌದಿಯನ್ನು ಅರ್ಧಕ್ಕೇ ಬಿಟ್ಟು ಕಣ್ಣುಮುಚ್ಚಿದವಳು. ಗುಬ್ಬಿ ಎಂದು ಕರೆಯುತ್ತಿದ್ದವಳು ಅವಳೊಬ್ಬಳೇ. ಆ ಹೆಸರು ಗೊತ್ತಿದ್ದವರು ಬೇರೆ ಯಾರೂ ಇರಲಿಲ್ಲ.

ಗೋಡೆ ನೋಡಿದಳು. ಹಳೆಯ ಸಣ್ಣ ಮೇಜು ಅಲ್ಲಿಗೆ ಒತ್ತಿಕೊಂಡಿದ್ದ ಕಾಲದಲ್ಲಿ ಚಿಕ್ಕಮ್ಮನ ಮೊಣಕೈ ತಿಕ್ಕಿ ತಿಕ್ಕಿ ಬಣ್ಣ ಸವೆದು ಒಂದು ಕಲೆ ಹೊಳೆಯುತ್ತಿತ್ತು. ಬಡಗಿಯ ಪೆನ್ಸಿಲ್ ಗೆರೆ ಅದರ ನಟ್ಟನಡುವೆ ಹಾದುಹೋಗಿತ್ತು. ಚಿಕ್ಕಮ್ಮ ಕುಳ್ಳಿ. ಕೂತರೆ ಇವಳಿಗಿಂತ ಸರಿಯಾಗಿ ಮೂರು ಬೆರಳು ಕೆಳಗೆ.

ಬುಧವಾರದಿಂದ ಆ ಕೌದಿಯಲ್ಲಿ ದಿನಕ್ಕೊಂದು ಸಾಲು ಹೊಲಿಗೆ ಹೆಚ್ಚುತ್ತಿತ್ತು. ತಾನೇ ಹೊಲಿದು ಮರೆತಿರಬೇಕೆಂದು ಅವಳು ಅದನ್ನು ತನ್ನ ಮರೆವಿನ ತಲೆಗೆ ಕಟ್ಟಿದ್ದಳು.

"ಗುಬ್ಬಿ ಗಂಡಸಲ್ಲ," ಎಂದಳು.

"ಮತ್ತೆ?"

"ನಾನು."

ಎಲ್ಲ ಹೇಳಿದಳು. ಕೇಳುತ್ತಾ ಕೇಳುತ್ತಾ ಅವನ ತೋಳಿನ ರೋಮ ನೆಟ್ಟಗಾಯಿತು. ಟೇಪ್ ಹಿಡಿದಿದ್ದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಹಾಗಾದ್ರೆ ನಾನು ಕೇಳಿದ್ದು... ಅವ್ರನ್ನ?"

"ಹೂಂ. ಮೊದಲು ದೊಡ್ಡೋರನ್ನ ಕೇಳಿದ್ದೀರಿ, ಮರ್ಯಾದಸ್ಥರು." ನಗಬೇಕೆಂದು ಹೋದಳು, ಕಣ್ಣು ತುಂಬಿತು. "ಅವಳು ಬೇಡ ಅನ್ಲಿಲ್ವಲ್ಲ. ಗುಬ್ಬೀನ ಕೇಳು ಅಂದ್ಳು. ಈಗ ಕೇಳಿ. ಈ ಸಲ ಮುಖ ನೋಡಿ."

ಅವನು ನೋಡಿದ. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದ. "ಗುಬ್ಬಿ," ಎಂದ. ಮುಂದಿನದು ಹೊರಡಲಿಲ್ಲ.

ಅವಳು ಕೈಚಾಚಿ ಹುಬ್ಬಿನ ಮೇಲಿನ ಮರದ ಪುಡಿ ಒರೆಸಿದಳು. "ಹೂಂ," ಎಂದಳು. "ಆಗೋಣ."

ಸ್ವಲ್ಪ ಹೊತ್ತಾದ ಮೇಲೆ ಅವನು ಮೇಜಿನ ಕಾಲಿಗೆ ಬಗ್ಗಿದ. "ಮೂರು ಬೆರಳು ತಾನೆ, ಕೆಳಗೆ ಮರದ ತುಂಡು ಕೊಟ್ಟು ಏರಿಸ್ತೀನಿ."

"ಬೇಡ. ಇದು ಅವಳದ್ದು. ನಂಗೆ ಇನ್ನೊಂದು ಮಾಡಿ, ಇದರ ಪಕ್ಕದಲ್ಲೇ. ಚೀಟಿ ನೋಡಿ ಮಾಡಿ."

ಮೆಷಿನಿನ ಪ್ಲಗ್ ಕಿತ್ತಿಟ್ಟು ಇಬ್ಬರೂ ಮುಂದಿನ ಕೋಣೆಗೆ ಬಂದರು. ಅವಳು ಟೀ ಮಾಡಿ ತಂದಳು. ಹೊರಗೆ ಬಿಸಿಲು ಚೆನ್ನಾಗಿತ್ತು, ರಸ್ತೆಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು. ಅವನು ಮೊದಲ ಗುಟುಕು ಕುಡಿಯುವ ಹೊತ್ತಿಗೆ ಒಳಗೆ ಮೆಷಿನ್ ಓಡತೊಡಗಿತು. ನಿಧಾನ, ಒಂದೇ ಸಮ, ಕೈ ಪಳಗಿದವರ ಹೊಲಿಗೆ.

ಅವನು ಕಪ್ ಕೆಳಗಿಟ್ಟ. "ಹೋಗಿ ನೋಡೋಣ್ವಾ?"

"ಬೇಡ," ಎಂದಳು ಅವಳು, ಅವನ ಕೈ ಹಿಡಿದುಕೊಂಡು. "ಹೊಲಿಯೋವಾಗ ಯಾರಾದ್ರೂ ಹಿಂದೆ ಬಂದು ನಿಂತ್ರೆ ಅವಳಿಗೆ ಆಗಲ್ಲ. ಕೌದಿಗೆ ಇನ್ನು ನಾಲ್ಕೇ ಸಾಲು ಬಾಕಿ."

ಟೀ ಆರಿತು. ನಾಲ್ಕೂ ಸಾಲು ಮುಗಿದು ಮೆಷಿನ್ ನಿಲ್ಲುವವರೆಗೂ ಇಬ್ಬರೂ ಹಾಗೇ ಕೂತಿದ್ದರು.