ನೀರು ಸೋಕಬಾರದ ಕೌದಿ

ಮಾರ್ಚ್ ಹನ್ನೊಂದರ ಬೆಳಿಗ್ಗೆ ಹ್ಯಾಡ್ಲಾಕ್ ಪಟ್ಟಣದ ಠಾಣೆಗೆ ಕಳವಿನ ದೂರು ಬಂತು. ಕೊಟ್ಟವಳು ಊರಿನ ಪುಟ್ಟ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುವ ವರ್ನಾ ಟಿಲ್ಟನ್. ೧೮೩೦ರ ಸುಮಾರಿಗೆ ಅಚ್ಚಿನ ಹತ್ತಿಬಟ್ಟೆಯ ತುಂಡುಗಳಿಂದ ಹೊಲಿದ ಕೌದಿ ಕಾಣೆಯಾಗಿತ್ತು. ಮನೆತನದ ಆ ಕೌದಿಯನ್ನು ಸಂಗ್ರಹಾಲಯಕ್ಕೆ ಕೊಟ್ಟವರು ವರ್ನಾಳ ತಾಯಿ, ನಿವೃತ್ತ ಶಿಕ್ಷಕಿ ಆಗಸ್ಟಾ.

ಡಿಟೆಕ್ಟಿವ್ ಜೋನ್ ಕಿಂಬಲ್ ಸ್ಥಳ ಮಹಜರು ನಡೆಸಿದಳು. ಬೀಗ ಒಡೆದಿರಲಿಲ್ಲ. ಇನ್ನೊಂದು ಬೀಗದ ಕೈ ಇದ್ದದ್ದು ಕಸ ಗುಡಿಸುವ ಡೆಲ್ಬರ್ಟ್‌ನ ಹತ್ತಿರ.

"ಕದ್ದವನು ಎಲ್ಲಾದ್ರೂ ತೇವದಲ್ಲಿ ಇಟ್ಟಿದ್ರೆ?" ಎಂದು ವರ್ನಾಳನ್ನು ಕೇಳಿದಳು.

"ಮುಗೀತು. ಆ ಕಾಲದ ಕಂದು ಬಣ್ಣದಲ್ಲಿ ಕಬ್ಬಿಣ ಇರತ್ತೆ, ಬಟ್ಟೇನ ತಿಂದುಹಾಕಿರತ್ತೆ. ನೆನೆದ್ರೆ ಉದುರಿಹೋಗತ್ತೆ," ಎಂದಳು ವರ್ನಾ.

ಭಾನುವಾರ ಚರ್ಚಿನ ಅಂಗಳದಲ್ಲಿ, ಎಲ್ಲರೂ ನೋಡುತ್ತಿದ್ದಂತೆ, ಕಾನ್‌ಸ್ಟೇಬಲ್ ಪೈಕ್ ಡೆಲ್ಬರ್ಟ್‌ನ ಗಾಡಿ ಜಾಲಾಡಿದ.

"ಆ ಪಾತ್ರೇನೂ ನೋಡಪ್ಪ ಪೈಕ್. ನನ್ನ ಹೆಂಡತಿ ಬೇಯಿಸಿದ ಬೀನ್ಸು. ಕೌದಿ ಅಡಿಯಲ್ಲಿರಬಹುದು," ಎಂದ ಡೆಲ್ಬರ್ಟ್.

ಕೆಲವರು ನಕ್ಕರು. ಡೆಲ್ಬರ್ಟ್‌ನ ಹೆಂಡತಿ ಮುಖ ತಿರುಗಿಸಿಕೊಂಡಳು. ಏನೂ ಸಿಗಲಿಲ್ಲ. ಕಿಂಬಲ್‌ಗೆ ನಾಚಿಕೆಯಾಯಿತು. ಹುಡುಕಲು ಹೇಳಿದವಳು ಅವಳೇ. ಅಷ್ಟರಲ್ಲಿ ಅವಳು ಇನ್ನೊಂದನ್ನು ಗಮನಿಸಿದಳು. ಕೌದಿ ಕಳೆದುಕೊಂಡ ವರ್ನಾ ಗಾಡಿಯ ಕಡೆಗೆ ಒಮ್ಮೆಯೂ ನೋಡದೆ ನೆಲ ನೋಡುತ್ತ ನಿಂತಿದ್ದಳು.

ಸೋಮವಾರ ಹೇಳಿಕೆಗೆ ಸಹಿ ಹಾಕಿಸುವ ನೆಪದಲ್ಲಿ ಕಿಂಬಲ್ ವರ್ನಾಳ ಮನೆಗೆ ಹೋದಳು. ಕೈ ತೊಳೆಯಲು ಹೋದಾಗ ಬಟ್ಟೆ ಒಗೆಯುವ ತೊಟ್ಟಿಯ ಜಾಲರಿಯಲ್ಲಿ ಕಂದು ನಾರು ಸಿಕ್ಕಿಕೊಂಡಿದ್ದು ಕಂಡಿತು. ನಡುವೆ ಬೆರಳುಗುರಿನಷ್ಟು ಚೂರು, ಅದರ ಮೇಲೆ ಬಿಳಿ ಹೂವಿನ ಅಚ್ಚು. ಅದನ್ನು ತಂದು ಮೇಜಿನ ಮೇಲಿಟ್ಟಳು.

ವರ್ನಾ ಕೂತುಬಿಟ್ಟಳು. "ಅಮ್ಮ ಚಳಿ ಚಳಿ ಅಂತಿದ್ರು. ಆ ಕೌದೀನೇ ಬೇಕು ಅಂತ ಹಟ. ಒಂದು ರಾತ್ರಿಗೆ ಅಂತ ತಂದೆ."

"ಒಗೀಬಾರದು ಅಂತ ನಿಮಗೇ ಗೊತ್ತಿತ್ತಲ್ಲ."

ವರ್ನಾ ಒಳಗಿನ ಬಾಗಿಲು ನೋಡಿ ದನಿ ತಗ್ಗಿಸಿದಳು. "ಅಮ್ಮಂಗೆ ರಾತ್ರಿ ಹಾಸಿಗೇಲೇ ಆಗೋಯ್ತು. ಹಾಗೇ ಹೇಗೆ ವಾಪಸ್ ಇಡೋದು? ಅರ್ಧ ಊರು ಅವರ ಹತ್ರ ಕಲ್ತಿದೆ."

"ನಾನೂ ಕಲ್ತಿದೀನಿ."

"ಕಳ್ಳಿ ಅಂತ ಬರ್ಕೊಳ್ಳಿ, ಸುಳ್ಳಿ ಅಂತ ಬರ್ಕೊಳ್ಳಿ. ಅದೊಂದು ಬೇಡ."

ಒಳಗಿನಿಂದ ದನಿ ಬಂತು. "ಯಾರೇ ಅದು?"

"ಜೋನ್ ಕಿಂಬಲ್, ಟೀಚರ್."

"ನೆಟ್ಟಗೆ ಕೂತ್ಕೊ."

ಕಿಂಬಲ್ ನೆಟ್ಟಗೆ ಕೂತಳು.

ತಾಯಿಯನ್ನು ನೋಡಿಕೊಳ್ಳಲು ಪಕ್ಕದ ಮನೆಯಾಕೆ ಬಂದ ಮೇಲೆ, ಸುಳ್ಳು ದೂರು ಕೊಟ್ಟ ಆರೋಪದ ಮೇಲೆ ವರ್ನಾಳನ್ನು ಬಂಧಿಸಲಾಯಿತು. ಠಾಣೆಯಲ್ಲಿ ಕಿಂಬಲ್ ಹೇಳಿಕೆ ಬರೆದುಕೊಂಡಳು: ತಾಯಿಗೆ ಚಳಿಯಾಗಿತ್ತು, ಕೌದಿ ತಂದೆ, ಕೊಳೆಯಾಯಿತು, ಒಗೆದೆ. ಅಷ್ಟೇ.

ವರ್ನಾ ಓದಿದಳು. ಸಹಿ ಹಾಕುವ ಮುನ್ನ ಲೇಖನಿ ಕೇಳಿ ಪಡೆದು, ಕೆಳಗೆ ತಾನೇ ಒಂದು ಸಾಲು ಸೇರಿಸಿದಳು: "ಡೆಲ್ಬರ್ಟ್‌ನ ಗಾಡಿ ಜಾಲಾಡುವಾಗ ನಾನು ಅಲ್ಲೇ ಇದ್ದೆ. ಸುಮ್ಮನಿದ್ದೆ."