ತಿರುವಿನ ಹಲಗೆ ಪೊಲೀಸ್

ನಾರಿನ್ ಹೊಳೆಯ ಪಕ್ಕದ ರಸ್ತೆ ತಿರುವಿನಲ್ಲಿ ಗಾಡಿಗಳು ವೇಗ ಇಳಿಸಲೆಂದು ನಮ್ಮ ಠಾಣೆಯಿಂದ ಒಬ್ಬ ಪ್ಲೈವುಡ್ ಪೊಲೀಸನನ್ನು ನಿಲ್ಲಿಸಿದ್ದೆವು. ಬಣ್ಣ ಬಳಿದವನು ನಾನೇ. ನನಗೆ ಬೆರಳು ಬರೆಯಲು ಬರುವುದಿಲ್ಲ. ಹಾಗಾಗಿ ಕೈ ಹಿಂದೆ ಕಟ್ಟಿಕೊಂಡು ನಿಂತವನಂತೆ ಬರೆದಿದ್ದೆ.

ಒಂದು ದಿನ ಲಾರಿ ಓಡಿಸುವ ಜೋಲ್ದೋಶ್ ಠಾಣೆಗೆ ಬಂದ.

"ಅಣ್ಣಾ, ತಿರುವಿನಲ್ಲಿರೋ ನಿಮ್ಮವನು ನನ್ನ ಲೈಸೆನ್ಸ್ ಇಸ್ಕೊಂಡು ವಾಪಸ್ ಕೊಡ್ತಿಲ್ಲ. ಅದಿಲ್ದೆ ಹೊಟ್ಟೆಪಾಡು ಹೇಗೆ?"

"ಅದು ಹಲಗೆ ಕಣೋ. ಮಟಮಟ ಮಧ್ಯಾಹ್ನವೇ ಏರಿಸ್ಕೊಂಡು ಬಂದಿದೀಯಾ?"

"ಊದಿಸಿ ನೋಡು. ಅವನ ಕೈ ಮಂಜುಗಡ್ಡೆ ಹಾಗೆ ಕೊರೀತಿತ್ತು."

ಊದಿಸಿದೆ. ಕುಡಿದಿರಲಿಲ್ಲ.

ಇಬ್ಬರೂ ತಿರುವಿಗೆ ಹೋದೆವು. ಹಲಗೆ ಇದ್ದಲ್ಲೇ ಇತ್ತು. ಹಿಂದೆ ಹೋಗಿ ನೋಡಿದೆ. ಆ ಬದಿಗೆ ನಾನು ಬಣ್ಣವನ್ನೇ ಮುಟ್ಟಿಸಿರಲಿಲ್ಲ. ಈಗ ಅಲ್ಲಿ ಎರಡು ಕೈಗಳಿದ್ದವು, ಉಗುರಿನ ಸಮೇತ. ಬೆರಳುಗಳ ನಡುವೆ ಜೋಲ್ದೋಶನ ಲೈಸೆನ್ಸ್ ಇತ್ತು.

ಹಿಡಿದು ಎಳೆದೆ. ಬೆರಳುಗಳು ಬಿಡಲಿಲ್ಲ.