ಕಪ್ಪು ವೈರು ಎಲ್ಲಿಗೆ ಕಟ್ಟಿದಿರಿ?

"ಛೀ! ಛೀ! ಛೀ...!"

ಮೂರನೆಯ ಛೀ ಬಾಯಿಂದ ಬರುವಷ್ಟರಲ್ಲಿ ಮ್ಯಾರನ್ ಒಂಟಿಕಾಲಿನಲ್ಲಿ ಕುಣಿಯುತ್ತಿದ್ದಳು. ಎಡಗಾಲಿನ ಬೂಟಿನ ಮೇಲಿಂದ ಕಂದು ಬಣ್ಣದ ನೀರು ಇಳಿಯುತ್ತಿತ್ತು. ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ, ಮೂಗಿಗೇ ಗೊತ್ತಾಗಿತ್ತು.

ಎದುರಿಗೆ ದಪ್ಪ ಪೈಪು ಹಿಡಿದು ನಿಂತಿದ್ದವನು ರೂಬೆನ್ ತ್ರುಹಿಯೊ. ಚಳಿಗಾಲ ಕಳೆಯಲೆಂದು ಅರಿಜೋನಾದ ಈ ಮರುಭೂಮಿಗೆ ಬಂದು ಚಕ್ರದ ಮೇಲಿನ ಮನೆಯಂಥ ಟ್ರೇಲರ್ ನಿಲ್ಲಿಸಿಕೊಂಡವರ ಕಕ್ಕಸಿನ ತೊಟ್ಟಿಗಳನ್ನು ತನ್ನ ಟ್ಯಾಂಕರಿಗೆ ಹೀರಿಕೊಂಡು ಹೋಗುವುದು ಅವನ ಕೆಲಸ.

"ಸಾರಿ ಮೇಡಂ! ಪೈಪಿನ ಕ್ಲಿಪ್ಪು ಜಾರ್ಬಿಡ್ತು. ಒಂದ್ನಿಮಿಷ ಇರಿ, ನೀರು ಹಾಕ್ತೀನಿ..."

"ಹತ್ರ ಬರಬೇಡಿ! ಆ ಗ್ಲೌಸಲ್ಲಿ ನನ್ನ ಮುಟ್ಟಿದ್ರೆ ನೋಡಿ!"

"ಗ್ಲೌಸ್ ತೆಗೀಲಾ?"

"ಅಯ್ಯೋ, ಅದಿನ್ನೂ ಅಸಹ್ಯ!"

ಅವನು ನಕ್ಕುಬಿಟ್ಟ. ನಗು ಬೇರೆ ಇವನಿಗೆ! ಮ್ಯಾರನ್‌ಗೆ ಮೈಯೆಲ್ಲ ಉರಿಯಿತು. ಇಷ್ಟು ಹೊಲಸಿನ ನಡುವೆ ನಿಂತು ಹಲ್ಲು ಕಿರಿಯುವ ಮನುಷ್ಯನನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

"ಒಂದು ಮಾತು ಕೇಳ್ಲಾ?" ಎಂದ ರೂಬೆನ್. "ಹೊರಗೆ ಕಪ್ಪು ಕನ್ನಡಕ, ಒಳಗೆ ಸಂಜೆಯಾದ್ರೆ ಕಗ್ಗತ್ತಲೆ. ದೀಪದ ತೊಂದ್ರೆ ಏನಾದ್ರೂ ಇದ್ಯಾ? ನಾನು ಟ್ರೇಲರ್ ವೈರಿಂಗೂ ಮಾಡ್ತೀನಿ."

"ಆ ಕೈಯಲ್ಲಾ?" ಎಂದು ಅವಳು ಅವನ ಮುಖಕ್ಕೆ ಹೊಡೆದಂತೆ ಬಾಗಿಲು ಹಾಕಿಕೊಂಡಳು.

ಬಾಗಿಲು ಹಾಕಿದ್ದೇನೋ ಸರಿ... ಆದರೆ ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಮ್ಯಾರನ್ ಕೋಲ್‌ಸ್ಟಾಡ್‌ಗೆ ಈಗ ನಲವತ್ತೊಂದು. ನಾರ್ತ್ ಡಕೋಟಾದ ಅಪ್ಪನ ಗ್ಯಾರೇಜಿನಲ್ಲಿ ಹದಿನೆಂಟು ವರ್ಷ ಟ್ರಕ್ ರಿಪೇರಿ ಮಾಡಿದವಳು. ಎರಡು ವರ್ಷದ ಕೆಳಗೆ ಒಂದು ಟ್ರಕ್ಕಿನ ಬಾನೆಟ್ ಅವಳ ತಲೆಯ ಮೇಲೆ ಬಿತ್ತು. ಗಾಯ ಮಾಯಿತು, ಆದರೆ ಚುಚ್ಚುವ ದೀಪ ಕಂಡರೆ ತಲೆ ಸಿಡಿಯುವುದು, ಹೊಟ್ಟೆ ತೊಳಸಿ ವಾಂತಿಯಾಗುವುದು ಮಾತ್ರ ಉಳಿದುಕೊಂಡಿತು. ಅಣ್ಣ ಆಂಡರ್ಸ್‌ನ ಮನೆಯ ಹಿಂದಿನ ಕೋಣೆಯಲ್ಲಿ ಒಂದು ವರ್ಷ ಮಲಗಿದ್ದಳು. ಎಲ್ಲರೂ ಪಿಸುಮಾತಿನಲ್ಲಿ ಮಾತಾಡುವ ಆ ಮನೆ! ನೆನೆಸಿಕೊಂಡರೆ ಈಗಲೂ ಉಸಿರುಗಟ್ಟುತ್ತದೆ. ಹಳೆಯ ಟ್ರೇಲರ್ ಒಂದನ್ನು ಕೊಂಡು, ಯಾರ ಮಾತೂ ಕೇಳದೆ ಇಲ್ಲಿಗೆ ಓಡಿಬಂದಿದ್ದಳು.

ಟ್ರೇಲರಿನ ಎಲ್‌ಇಡಿ ದೀಪಗಳಿಗೆ ತಾನೇ ಬೆಳಕು ತಗ್ಗಿಸುವ ಒಂದು ಡಿಮ್ಮರ್ ಜೋಡಿಸಿದ್ದಳು. ದೀಪ ಮಂಕಾಗುತ್ತಿತ್ತು ನಿಜ, ಆದರೆ ಮಂಕಾದಷ್ಟೂ ತಲೆನೋವು ಹೆಚ್ಚುತ್ತಿತ್ತು! ಕೊನೆಗೆ ದೀಪ ಹಚ್ಚುವುದನ್ನೇ ಬಿಟ್ಟಳು. ಹೋದ ವಾರ ಕತ್ತಲೆಯಲ್ಲಿ ಮೆಟ್ಟಿಲು ತಪ್ಪಿ ಬಿದ್ದು ಹುಬ್ಬು ಸೀಳಿಕೊಂಡಾಗ, ಪಕ್ಕದ ಟ್ರೇಲರಿನ ಮುದುಕಿ ಗ್ಲೆಂಡಾ ಗಾಬರಿಯಿಂದ ಆಂಡರ್ಸ್‌ಗೆ ಫೋನು ಮಾಡಿಬಿಟ್ಟಿದ್ದಳು.

"ಶನಿವಾರ ಬರ್ತೀನಿ," ಎಂದಿದ್ದ ಅಣ್ಣ. "ದೀಪ ಹಚ್ಕೊಂಡು ಒಂದು ಗಂಟೆ ಮನುಷ್ಯರ ಹಾಗೆ ಕೂತು ತೋರಿಸು. ಆಗ ನಾನು ಚಕಾರ ಎತ್ತಲ್ಲ. ಆಗ್ಲಿಲ್ಲ ಅಂದ್ರೆ ಟ್ರೇಲರ್ ಸಮೇತ ಎಳ್ಕೊಂಡು ಹೋಗ್ತೀನಿ."

ಶನಿವಾರಕ್ಕೆ ಇನ್ನು ನಾಲ್ಕೇ ದಿನ ಇತ್ತು!

"ರೂಬೆನ್‌ನ ಕರೆಯೇ," ಎಂದಳು ಗ್ಲೆಂಡಾ. "ಈ ಸುತ್ತಿನಲ್ಲಿ ಟ್ರೇಲರ್ ವೈರು ಗೊತ್ತಿರೋನು ಅವನೊಬ್ಬನೇ."

"ಅವನನ್ನ ನೋಡಿದ್ರೇ ವಾಕರಿಕೆ ಬರತ್ತೆ ಗ್ಲೆಂಡಮ್ಮ."

"ಮತ್ತೆ ಅಣ್ಣನ ಮನೆ ಹಿಂದಿನ ಕೋಣೆ ನೆನಸ್ಕೊಂಡ್ರೆ?"

ಮ್ಯಾರನ್ ಅವನ ಫೋನ್ ನಂಬರು ಕೇಳಿ ಬರೆದುಕೊಂಡಳು.

* * *

ಬುಧವಾರ ಮಧ್ಯಾಹ್ನ ರೂಬೆನ್ ಬಂದ. ಸ್ನಾನ ಮಾಡಿ, ಇಸ್ತ್ರಿಯ ಅಂಗಿ ತೊಟ್ಟು, ಕೂದಲು ಒದ್ದೆಯಾಗಿರುವಾಗಲೇ ಬಂದಿದ್ದ. ಆದರೂ ಅವಳು ಕಿಟಕಿಯ ಪಕ್ಕ ಮೂಗಿಗೆ ಕರವಸ್ತ್ರ ಹಿಡಿದು ಕೂತಳು. ಅವನು ನೋಡಿದ.

ಪರದೆ ಎಳೆದು ದೀಪ ಹಚ್ಚಿ, ಡಿಮ್ಮರನ್ನು ಅರ್ಧಕ್ಕೆ ತಿರುಗಿಸಿದ. ಆಮೇಲೆ ಜೇಬಿನಿಂದ ಫೋನು ತೆಗೆದು ಅದರ ಕ್ಯಾಮೆರಾವನ್ನು ದೀಪದ ಕಡೆ ಹಿಡಿದ.

"ಇಲ್ಲಿ ನೋಡಿ ಮೇಡಂ."

ಫೋನಿನ ಪರದೆಯಲ್ಲಿ ಕಪ್ಪು ಪಟ್ಟೆಗಳು ಒಂದರ ಹಿಂದೊಂದು ಸರಿಯುತ್ತಿದ್ದವು.

"ಎಲ್‌ಇಡಿ ಮಂಕಾದಾಗ ಅದು ನಿಜಕ್ಕೂ ಮಂಕಾಗಿರಲ್ಲ. ಡಿಮ್ಮರ್ ಅದನ್ನ ಹಚ್ಚಿ ಆರಿಸಿ, ಹಚ್ಚಿ ಆರಿಸಿ ಮಾಡ್ತಿರತ್ತೆ. ನಿಮ್ಮದು ತುಂಬ ನಿಧಾನದ್ದು, ಸೆಕೆಂಡಿಗೆ ನೂರು ಸಲ. ನಮ್ಮಂಥೋರ ಕಣ್ಣಿಗೆ ಗೊತ್ತಾಗಲ್ಲ. ನಿಮ್ಮ ತಲೆಗೆ ಗೊತ್ತಾಗ್ತಿದೆ."

ಮ್ಯಾರನ್ ಅವನನ್ನೇ ನೋಡಿದಳು. ಎರಡು ವರ್ಷದಿಂದ ಡಾಕ್ಟರು, ಅಣ್ಣ, ಅತ್ತಿಗೆ ಎಲ್ಲರೂ "ದೀಪ ಸರಿಯಾಗೇ ಇದೆಯಲ್ಲ" ಅಂದವರೇ. *ಹಾಗಾದರೆ ನನಗೆ ಹುಚ್ಚಲ್ಲ... ಇದು ನಿಜವಾಗಿ ಮಿಣುಕುತ್ತಿದೆ!* ಏನೋ ಹೇಳಬೇಕೆಂದು ಎದ್ದು ನಿಂತಳು.

ಆದರೆ ಅಷ್ಟು ಹೊತ್ತು ಆ ಬೆಳಕಿನಲ್ಲಿ ಕೂತಿದ್ದಳಲ್ಲ... ಬಾಯಿ ತೆರೆದರೆ ಮಾತು ಬರಲಿಲ್ಲ. ಬೆಳಗ್ಗೆ ತಿಂದದ್ದೆಲ್ಲ ರೂಬೆನ್‌ನ ತೊಳೆದ ಪ್ಯಾಂಟಿನ ಮೇಲೆ, ಬೂಟಿನ ಮೇಲೆ ಬಂದು ಬಿತ್ತು!

ಅವನು ಹಿಂದಕ್ಕೆ ಹಾರಲಿಲ್ಲ, ಮುಖ ಕಿವುಚಲಿಲ್ಲ. ಮೊದಲು ಕೈ ಚಾಚಿ ದೀಪ ಆರಿಸಿದ. ಅವಳನ್ನು ಕೂರಿಸಿ ಒದ್ದೆ ಬಟ್ಟೆ ಕೈಗೆ ಕೊಟ್ಟ. ಆಮೇಲೆ ಮೊಣಕಾಲೂರಿ ನೆಲ ಒರೆಸತೊಡಗಿದ.

"ಬೇಡ... ದಯವಿಟ್ಟು ಬೇಡ, ನಾನೇ ಒರೆಸ್ತೀನಿ... ಛೀ, ನಂಗೇ ಅಸಹ್ಯ ಆಗ್ತಿದೆ!"

"ಮೇಡಂ, ನನ್ನ ಕೆಲಸ ಏನು ಅಂತ ಮರೆತ್ರಾ? ಇದು ನಂಗೆ ಪಾಯಸ ಇದ್ದ ಹಾಗೆ."

"ಥೂ! ಏನ್ರೀ ಅದು ಮಾತು!" ಎಂದಳು. ಹೇಳುತ್ತಲೇ ನಗು ಬಂದುಬಿಟ್ಟಿತು. ಅವಳು ನಕ್ಕು ಎಷ್ಟು ಕಾಲವಾಗಿತ್ತೋ!

ಅವನು ವ್ಯಾನಿನಿಂದ ಬೇರೆ ಡಿಮ್ಮರ್ ತಂದು ಹಾಕಿದ. ಇದು ಸೆಕೆಂಡಿಗೆ ಸಾವಿರಾರು ಸಲ ಮಿಡಿಯುವಂಥದ್ದು. ಫೋನಿನಲ್ಲಿ ಪಟ್ಟೆಗಳು ಕಾಣಲಿಲ್ಲ. ಮ್ಯಾರನ್ ಉಸಿರು ಬಿಗಿಹಿಡಿದು ಕಾದಳು. ಐದು ನಿಮಿಷ... ಹತ್ತು ನಿಮಿಷ... ತಲೆ ಸುಮ್ಮನಿತ್ತು.

"ದೀಪಗಳೂ ಹಳೇವು, ಬರೀ ಬಿಳುಪು," ಎಂದ ಅವನು ಹೊರಡುತ್ತ. "ಶನಿವಾರ ಬೆಳಗ್ಗೆ ಬಂದು ಹಳದಿ ಬೆಳಕಿನವು ಹಾಕ್ಕೊಡ್ತೀನಿ. ಅಷ್ಟರವರೆಗೆ ಕಡಿಮೆ ಇಟ್ಕೊಳ್ಳಿ."

ಆ ಸಂಜೆ ಅವಳು ದೀಪದ ಕೆಳಗೆ ಕೂತು ಸೂಪು ಕುಡಿದಳು. ಅವನು ಒರೆಸಿದ ನೆಲವನ್ನು ಎಷ್ಟೋ ಸಲ ನೋಡಿದಳು. *ನಾನು ಯಾಕೆ ಅವನ ಬಗ್ಗೆ ಯೋಚನೆ ಮಾಡ್ತಿದೀನಿ?* ಉತ್ತರ ಗೊತ್ತಿರಲಿಲ್ಲವೆಂದಲ್ಲ, ಒಪ್ಪಿಕೊಳ್ಳಲು ಬಿಂಕ.

* * *

ಆ ಬಿಂಕವೇ ಎಲ್ಲ ಕೆಡಿಸಿತು ನೋಡಿ.

ನಾಲ್ಕು ದೀಪ ಬದಲಿಸಲು ಇನ್ನೊಬ್ಬರು ಬೇಕೇ? ಟ್ರಕ್ಕುಗಳ ವೈರನ್ನು ಕಣ್ಣು ಮುಚ್ಚಿ ಕಟ್ಟಿದವಳು ತಾನು! ಗುರುವಾರ ಪೇಟೆಗೆ ಹೋಗಿ ಹಳದಿ ಬೆಳಕಿನ ನಾಲ್ಕು ಹೊಸ ದೀಪ ತಂದಳು. ಶುಕ್ರವಾರ ಬೆಳಗ್ಗೆ ಹಳೆಯವನ್ನು ಬಿಚ್ಚಿ ಹೊಸವನ್ನು ಜೋಡಿಸಿದಳು. ಕೊನೆಯ ತಿರುಪು ಬಿಗಿಯುತ್ತಿದ್ದಾಗ ಹೊರಗೆ ಟ್ರಕ್ಕಿನ ಸದ್ದಾಯಿತು.

ಆಂಡರ್ಸ್! ಒಂದು ದಿನ ಮೊದಲೇ ಬಂದಿದ್ದ.

"ಬಾ ಅಣ್ಣಾ, ಸರಿಯಾದ ಹೊತ್ತಿಗೆ ಬಂದೆ. ನೋಡ್ತಿರು!" ಎಂದು ಪರದೆ ಎಳೆದು ಸ್ವಿಚ್ಚು ಒತ್ತಿದಳು.

ಏನೂ ಇಲ್ಲ. ಕತ್ತಲೆ.

ಮತ್ತೆ ಒತ್ತಿದಳು. ಡಿಮ್ಮರ್ ತಿರುಗಿಸಿದಳು. ನಾಲ್ಕರಲ್ಲಿ ಒಂದೂ ಹತ್ತಲಿಲ್ಲ.

"ಸಾಕು ಮ್ಯಾರನ್," ಎಂದ ಅಣ್ಣ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಅದೇ ಅವಳಿಗೆ ತಡೆಯಲಾಗದ್ದು. "ನಾಲ್ಕು ಗಂಟೆಗೆ ಹೊರಡೋಣ. ಸಾಮಾನು ಕಟ್ಟು."

ಎರಡು ದಿನ ಚೆನ್ನಾಗಿತ್ತಲ್ಲ! ಅವನು ಹಾಕಿದ ಡಿಮ್ಮರ್ ಸುಟ್ಟುಹೋಗಿದೆ, ಮತ್ತೇನು? ಮ್ಯಾರನ್ ದಡದಡನೆ ಇಳಿದು ಗ್ಲೆಂಡಾಳ ಟ್ರೇಲರಿನ ಕಡೆ ನಡೆದಳು. ಶುಕ್ರವಾರವಾದ್ದರಿಂದ ಅಲ್ಲಿ ಹತ್ತು ಹದಿನೈದು ಜನ ಮಡಚುವ ಕುರ್ಚಿ ಹಾಕಿಕೊಂಡು ಒಟ್ಟಿಗೆ ಊಟ ಮಾಡುತ್ತಿದ್ದರು. ರೂಬೆನ್ ಕೂಡ ತಟ್ಟೆ ಹಿಡಿದು ಕೂತಿದ್ದ. ಅವಳನ್ನು ಕಂಡು ಅವನ ಮುಖ ಅರಳಿತು.

"ಎಂಥ ದರಿದ್ರ ಡಿಮ್ಮರ್ ಹಾಕಿದಿರಿ ನೀವು?" ಎಂದು ಕಿರುಚಿದಳು. "ಹೊಸ ದೀಪ ನಾಲ್ಕೂ ಹತ್ತುತ್ತಿಲ್ಲ! ಅಣ್ಣ ನನ್ನ ಎಳ್ಕೊಂಡು ಹೋಗ್ತಿದಾನೆ! ಹೇಲು ಬಳಿಯೋ ಕೈಗೆ ನನ್ನ ಮನೆ ದೀಪ ಕೊಟ್ಟೆನಲ್ಲ, ನನ್ನ ಬುದ್ಧಿಗಿಷ್ಟು!"

ಚಮಚದ ಸದ್ದೂ ನಿಂತಿತು. ಹಿಂದೆಯೇ ಬಂದಿದ್ದ ಆಂಡರ್ಸ್ ಕೂಡ ನಿಂತಲ್ಲೇ ನಿಂತ.

ರೂಬೆನ್ ತಟ್ಟೆ ಕೆಳಗಿಟ್ಟ. ಅವನ ಮುಖದಲ್ಲಿ ನಗುವಿರಲಿಲ್ಲ.

"ಹೊಸ ದೀಪದ ಕಪ್ಪು ವೈರು ಎಲ್ಲಿಗೆ ಕಟ್ಟಿದಿರಿ?" ಎಂದು ಮೆಲ್ಲಗೆ ಕೇಳಿದ.

"ಕಪ್ಪಿಗೆ! ಇನ್ನೆಲ್ಲಿಗೆ ಕಟ್ತಾರೆ?"

ಅವನು ತಲೆಯಾಡಿಸಿ ಟ್ಯಾಂಕರ್ ಹತ್ತಿ ಹೊರಟುಹೋದ.

"ಇಲ್ಲಿರೋ ಒಬ್ಬೊಬ್ಬರ ಹೊಲಸನ್ನೂ ಹೊರೋನು ಕಣೇ ಅವನು," ಎಂದಳು ಗ್ಲೆಂಡಾ. "ನಿನ್ನದನ್ನೂ ಸೇರಿಸಿ." ಬೇರೆ ಯಾರೂ ಅವಳ ಕಡೆ ನೋಡಲಿಲ್ಲ.

* * *

ಟ್ರೇಲರಿಗೆ ಬಂದು ಪಾತ್ರೆಗಳನ್ನು ಡಬ್ಬಕ್ಕೆ ತುಂಬುತ್ತಿದ್ದ ಮ್ಯಾರನ್‌ಳ ಕೈ ಇದ್ದಕ್ಕಿದ್ದಂತೆ ನಿಂತಿತು.

ಕಪ್ಪು ವೈರು ಎಲ್ಲಿಗೆ ಕಟ್ಟಿದಿರಿ?

ಟ್ರಕ್ಕಿನಲ್ಲಿ ಕಪ್ಪೆಂದರೆ ಮೈನಸ್. ಹದಿನೆಂಟು ವರ್ಷ ಅವಳ ಕೈ ಅದನ್ನೇ ಮಾಡಿತ್ತು. ಹೊಸ ದೀಪಗಳಲ್ಲೂ ಕೆಂಪು ಪ್ಲಸ್, ಕಪ್ಪು ಮೈನಸ್. ಆದರೆ ಟ್ರೇಲರಿನ ಗೋಡೆಯಿಂದ ಬಂದ ವೈರುಗಳು ಕಪ್ಪು ಮತ್ತು ಬಿಳಿ...

ಕರೆಂಟು ಅಳೆಯುವ ಮೀಟರ್ ಹಿಡಿದು ನೋಡಿದಳು. ಟ್ರೇಲರುಗಳ ರೂಢಿಯಂತೆ ಗೋಡೆಯ ಕಪ್ಪು ವೈರೇ ಪ್ಲಸ್. ಬಿಳಿಯದು ಮೈನಸ್. ನಾಲ್ಕು ದೀಪವನ್ನೂ ಉಲ್ಟಾ ಕಟ್ಟಿದ್ದಳು! ಎಲ್‌ಇಡಿ ಉಲ್ಟಾ ಕಟ್ಟಿದರೆ ಹತ್ತುವುದಿಲ್ಲ. ರೂಬೆನ್‌ನ ಡಿಮ್ಮರಿಗೆ ಏನೂ ಆಗಿರಲಿಲ್ಲ.

"ಅಣ್ಣಾ... ಇಪ್ಪತ್ತು ನಿಮಿಷ ಕೊಡು."

ವೈರು ಬದಲಿಸಿ ಸ್ವಿಚ್ಚು ಒತ್ತಿದಳು. ತುಪ್ಪದ ಬಣ್ಣದ ಬೆಳಕು ಟ್ರೇಲರಿನ ತುಂಬ ಹರಡಿತು. ಆಂಡರ್ಸ್ ಗಡಿಯಾರ ನೋಡಿ ಎದುರಿಗೆ ಕೂತ. ಒಂದು ಗಂಟೆ ಅಣ್ಣತಂಗಿ ಇಸ್ಪೀಟಾಡಿದರು. ಅವಳಿಗೆ ತಲೆ ನೋಯಲಿಲ್ಲ, ಹೊಟ್ಟೆ ತೊಳಸಲಿಲ್ಲ. ಮೂರು ಆಟ ಗೆದ್ದಳು ಕೂಡ!

ಆದರೂ ಅವಳ ಕಣ್ಣಲ್ಲಿ ನೀರು ತುಂಬಿತ್ತು. ತನ್ನ ವಾಂತಿಯನ್ನು ಬಳಿದ ರೂಬೆನ್‌ನ ಕೈ ಅದು. ಆ ಕೈಗೇ ಹದಿನೈದು ಜನರ ಎದುರಿಗೆ ಹಾಗೆ ಅಂದದ್ದು! ಬೂಟಿನ ಮೇಲೆ ಹೊಲಸು ಬಿದ್ದಾಗಲೂ ಇಷ್ಟು ಅಸಹ್ಯವಾಗಿರಲಿಲ್ಲ. ಈಗ ತನ್ನ ಬಾಯಿ ಕಂಡರೇ ತನಗೆ ಹೇಸಿಗೆ.

"ನೀನು ಇಲ್ಲೇ ಇರು," ಎಂದ ಆಂಡರ್ಸ್ ಎದ್ದು. "ಮಾತು ಮಾತೇ. ಆದ್ರೆ ಆ ಮನುಷ್ಯನಿಗೆ ಅಂದಿದ್ದು... ಅಪ್ಪ ಇದ್ದಿದ್ರೆ ತಲೆ ತಗ್ಗಿಸ್ತಿದ್ದ."

"ಗೊತ್ತು ಅಣ್ಣಾ. ಹೋಗ್ತಿದೀನಿ."

* * *

ಊರಾಚೆ, ಟ್ಯಾಂಕರುಗಳನ್ನು ಖಾಲಿ ಮಾಡುವ ಜಾಗದಲ್ಲಿ ರೂಬೆನ್ ಒಬ್ಬನೇ ಇದ್ದ. ಬಿಸಿಲು ಇಳಿಯುತ್ತಿತ್ತು. ಅಲ್ಲಿನ ವಾಸನೆಗೆ ಮ್ಯಾರನ್‌ಳ ಕೈ ಮೂಗಿಗೆ ಹೋಯಿತು. ಆದರೂ ಅವನಿಗೆ ಕೈಯಳತೆಯಷ್ಟು ಹತ್ತಿರ ಹೋಗಿ ನಿಂತಳು.

"ತಪ್ಪು ನನ್ನದೇ. ಉಲ್ಟಾ ಕಟ್ಟಿದ್ದೆ."

"ಗೊತ್ತು."

"ಗೊತ್ತಿದ್ರೆ ಅಲ್ಲೇ ಎಲ್ಲರೆದುರಿಗೆ ಹೇಳ್ಬಹುದಿತ್ತಲ್ಲ?"

"ಗ್ಲೆಂಡಮ್ಮ ಹೇಳಿದ್ರು, ನೀವು ಹದಿನೆಂಟು ವರ್ಷ ಮೆಕ್ಯಾನಿಕ್ ಆಗಿದ್ರಿ ಅಂತ. ಅಂಥೋರಿಗೆ ಅವರಣ್ಣನ ಎದುರಿಗೆ ನಾನು ಹೇಗೆ ಹೇಳ್ಲಿ? ಕೇಳಿದ್ರೆ ಸಾಕು, ನೀವೇ ಹಿಡ್ಕೋತೀರಿ ಅನ್ನಿಸ್ತು."

ಅಷ್ಟು ಅವಮಾನದ ನಡುವೆಯೂ ಅವನು ಅವಳ ಮಾನ ಕಾದಿದ್ದ! ಮ್ಯಾರನ್ ಅತ್ತುಬಿಟ್ಟಳು.

"ಗ್ಲೆಂಡಮ್ಮನ ಹತ್ರ ಹೋಗಿ ಎಲ್ಲರ ಮುಂದೆ ಹೇಳಿ ಬಂದೆ, ತಪ್ಪು ನನ್ನದು ಅಂತ. ಆದ್ರೆ ಅಂದ ಮಾತು ವಾಪಸ್ ಬರಲ್ಲ. ನೋವಾಯ್ತಾ?"

"ಆಯ್ತು," ಎಂದ ರೂಬೆನ್ ಪೈಪು ಸುತ್ತುತ್ತ. "ಬೇರೆ ಯಾರಾದ್ರೂ ಅಂದ್ರೆ ನಕ್ಕು ಸುಮ್ಮನಾಗ್ತೀನಿ. ಇವತ್ತು ನಗಕ್ಕಾಗ್ಲಿಲ್ಲ."

"ಯಾಕೆ?"

"ಬುಧವಾರ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದಿದ್ದು ಬರೀ ಡಿಮ್ಮರ್ ಹಾಕೋಕೆ ಅಂದ್ಕೊಂಡ್ರಾ?"

ಮ್ಯಾರನ್ ಕಣ್ಣೊರೆಸಿಕೊಂಡಳು.

"ನಾನು ಸುಳ್ಳು ಹೇಳಲ್ಲ ರೂಬೆನ್. ಈ ವಾಸನೆ ನಂಗೆ ಅಸಹ್ಯ. ಇವತ್ತೂ ಅಸಹ್ಯ, ನಾಳೆನೂ ಅಸಹ್ಯ."

"ನಂಗೂ ಅಸಹ್ಯಾನೇ. ಹನ್ನೊಂದು ವರ್ಷ ಆಯ್ತು, ಒಂದಿನಾನೂ ಒಗ್ಗಿಲ್ಲ."

"ಮತ್ತೆ ಹೇಗೆ ಮಾಡ್ತೀರಿ?"

"ಬಾಯಲ್ಲಿ ಉಸಿರಾಡ್ತೀನಿ."

ಅಳುವಿನ ನಡುವೆಯೇ ಅವಳು ಬಾಯಿ ತೆರೆದು ಉಸಿರೆಳೆದುಕೊಂಡಳು, ಕೆಮ್ಮಿದಳು. ಇಬ್ಬರೂ ನಕ್ಕರು.

"ನೀವಂದ್ರೆ ನಂಗೆ ಇಷ್ಟ," ಎಂದಳು ಒಂದೇ ಉಸಿರಿಗೆ. "ನೆಲ ಒರೆಸಿದ ದಿನದಿಂದ."

ರೂಬೆನ್ ಗ್ಲೌಸ್ ಕಳಚಿದ. ನಲ್ಲಿಯ ಕೆಳಗೆ ಮೊಣಕೈವರೆಗೆ ಸೋಪು ಹಚ್ಚಿ ಒಮ್ಮೆ ತೊಳೆದ, ಇನ್ನೊಮ್ಮೆ ತೊಳೆದ. ಮೂರನೆಯ ಸಲ ಸೋಪಿಗೆ ಕೈ ಹಾಕುವಷ್ಟರಲ್ಲಿ ಅವಳು ಆ ಒದ್ದೆ ಕೈಯನ್ನು ಹಿಡಿದುಕೊಂಡಳು.

"ಏಪ್ರಿಲ್ ಬಂದ್ರೆ ಎಲ್ಲರೂ ಉತ್ತರಕ್ಕೆ ಹೊರಟುಬಿಡ್ತಾರೆ," ಎಂದ ಅವನು. ದನಿ ಸಣ್ಣಗಾಗಿತ್ತು. "ನೀವೂ ಹೋಗ್ತೀರಾ?"

"ನೀನು ಅನ್ನು."

"ನೀನೂ... ಹೋಗ್ತೀಯಾ?"

"ಇಲ್ಲ. ನಿನ್ನ ಟ್ಯಾಂಕರ್ ಎಲ್ಲಿ ನಿಲ್ಲುತ್ತೋ ಅಲ್ಲೇ ನನ್ನ ಟ್ರೇಲರೂ ನಿಲ್ಲುತ್ತೆ. ಆದ್ರೆ ಗಾಳಿ ಯಾವ ಕಡೆಯಿಂದ ಬೀಸುತ್ತೆ ಅಂತ ಮೊದಲು ನೋಡ್ತೀನಿ."